ಸ್ಥಿರ ಸಮಸ್ಥಾನಿ ದತ್ತಾಂಶ: ಟಿಪ್ಪಣಿ ಪುಸ್ತಕದಿಂದ ಡೇಟಾಬೇಸ್‌ವರೆಗೆ

ಆಮ್ಲಜನಕದ ಬಹುಪಾಲು ಪರಮಾಣುಗಳ ದ್ರವ್ಯರಾಶಿ ಸಂಖ್ಯೆ 16. ಸಾವಿರದಲ್ಲಿ ಸುಮಾರು ಎರಡರದ್ದು ಮಾತ್ರ 18. ವಿಕಿರಣ ಸೂಸದೆ, ಎಷ್ಟು ಕಾಲ ಕಳೆದರೂ ಬದಲಾಗದೆ ಉಳಿಯುವ ಇಂಥ ರೂಪಗಳು ಸ್ಥಿರ ಸಮಸ್ಥಾನಿಗಳು. ನೀರು ಆವಿಯಾದಾಗ, ಮೋಡ ಮಳೆಯಾದಾಗ, ಗಿಡ ಇಂಗಾಲ ಹೀರಿದಾಗ ಭಾರದ ಮತ್ತು ಹಗುರ ಪರಮಾಣುಗಳ ಅನುಪಾತ ತುಸು ಏರುಪೇರಾಗುತ್ತದೆ. ಆ ಏರುಪೇರನ್ನು ಅಂತರರಾಷ್ಟ್ರೀಯ ಮಾನಕಕ್ಕೆ ಹೋಲಿಸಿ ಸಾವಿರಕ್ಕೆ ಇಷ್ಟು ಎಂದು ಹೇಳುವ ಅಂಕಿಯೇ ಡೆಲ್ಟಾ ಮೌಲ್ಯ. ಅದು ಯಂತ್ರದಿಂದ ನೇರವಾಗಿ ಬರುವಂಥದ್ದಲ್ಲ. ಯಂತ್ರದ ಓದಿಗೆ ಹಲವು ತಿದ್ದುಪಡಿಗಳಾದ ಮೇಲೆ ಸಿಗುವ ಫಲಿತ. ಈ ದತ್ತಾಂಶವನ್ನು ಕಾಪಾಡುವುದು ಕಷ್ಟವಾಗುವುದೂ ಇದರಿಂದಲೇ.

ಚಾಮರಾಜನಗರ ಸೀಮೆಯ ಕಾಡುಗಳಿಗೂ ಈ ವಿದ್ಯೆಗೂ ನಂಟು ಬೆಳೆದದ್ದು ಆನೆಗಳ ಮೂಲಕ. 1980ರ ದಶಕದ ಆರಂಭದಲ್ಲಿ ಪರಿಸರವಿಜ್ಞಾನಿ ರಾಮನ್ ಸುಕುಮಾರ್ ಚಾಮರಾಜನಗರ–ಸತ್ಯಮಂಗಲ ಭಾಗದ ಕಾಡುಗಳಲ್ಲಿ ಆನೆಗಳ ಅಧ್ಯಯನ ನಡೆಸಿದರು. ಆನೆ ತಿನ್ನುವುದು ಹುಲ್ಲನ್ನೋ ಸೊಪ್ಪು–ತೊಗಟೆಯನ್ನೋ ಎಂಬ ಪ್ರಶ್ನೆಗೆ ಇಂಗಾಲದ ಭಾರದ ಸಮಸ್ಥಾನಿಯಾದ ಇಂಗಾಲ 13 ಉತ್ತರ ಕೊಡಬಲ್ಲದು. ಬಿಸಿಲುನಾಡಿನ ಹುಲ್ಲಿನ ಡೆಲ್ಟಾ ಮೌಲ್ಯ –12ರ ಆಸುಪಾಸಿನಲ್ಲಿದ್ದರೆ ಮರಗಿಡಗಳದ್ದು –27ರ ಆಸುಪಾಸಿನಲ್ಲಿರುತ್ತದೆ. ತಿಂದದ್ದರ ಗುರುತು ಮೂಳೆಯ ಕೊಲ್ಯಾಜನ್ ಎಂಬ ಪ್ರೋಟೀನಿನಲ್ಲಿ ಉಳಿಯುತ್ತದೆ. 1987ರಲ್ಲಿ ಸಹಲೇಖಕರೊಂದಿಗೆ, 1992ರಲ್ಲಿ ಆರ್. ರಮೇಶ್ ಅವರೊಂದಿಗೆ ಸುಕುಮಾರ್ ಪ್ರಕಟಿಸಿದ ಲೇಖನಗಳು ಈ ವಿಧಾನವನ್ನೇ ಬಳಸಿದವು. ವಯಸ್ಕ ಆನೆಗಳ ಕೊಲ್ಯಾಜನ್‌ನಲ್ಲಿ ಮರಗಿಡಗಳ ಇಂಗಾಲದ ಪಾಲೇ ಹೆಚ್ಚು ಎಂದು ಕಂಡುಬಂತು. ಇಲ್ಲಿ ಡೆಲ್ಟಾ ಮೌಲ್ಯವೊಂದೇ ಇದ್ದರೆ ಪ್ರಯೋಜನವಿಲ್ಲ. ಮೂಳೆ ಯಾವ ಕಾಡಿನದು, ಆನೆಯ ವಯಸ್ಸೆಷ್ಟು, ಕೊಲ್ಯಾಜನ್ ಬೇರ್ಪಡಿಸಿದ ಬಗೆ ಯಾವುದು ಎಂಬುದೂ ಜೊತೆಗಿರಬೇಕು. ಮಾದರಿಗಳು ಕೆಲವೇ ಆಗಿದ್ದಾಗ ಇಷ್ಟಕ್ಕೆ ಟಿಪ್ಪಣಿ ಪುಸ್ತಕ ಸಾಕು.

ಕಂಪ್ಯೂಟರ್ ಬಂದಾಗ ಪ್ರಯೋಗಾಲಯಗಳು ಮೊದಲು ಹಿಡಿದದ್ದು ಸ್ಪ್ರೆಡ್‌ಶೀಟನ್ನು. ಅದು ಕಲಿಯಲು ಸುಲಭ, ಕೆಡಲು ಇನ್ನೂ ಸುಲಭ. ಒಂದು ಕಂಬಸಾಲನ್ನು ಮಾತ್ರ ವಿಂಗಡಿಸಿ ಪಕ್ಕದ್ದನ್ನು ಹಾಗೇ ಬಿಟ್ಟರೆ ಒಂದು ಮಾದರಿಯ ಮೌಲ್ಯ ಇನ್ನೊಂದರ ಎದುರಿಗೆ ಕೂರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಇದಕ್ಕೆ ಪರಿಹಾರದ ತಾತ್ವಿಕ ಬುನಾದಿಯನ್ನು ಗಣಕವಿಜ್ಞಾನಿ ಎಡ್ಗರ್ ಕಾಡ್ 1970ರಲ್ಲೇ ಸಂಬಂಧಾತ್ಮಕ ಡೇಟಾಬೇಸ್‌ನ ಕಲ್ಪನೆಯಲ್ಲಿ ಹಾಕಿದ್ದರು: ಒಂದು ವಿಷಯ ಒಂದೇ ಕೋಷ್ಟಕದಲ್ಲಿರಲಿ, ಕೋಷ್ಟಕಗಳನ್ನು ಗುರುತುಸಂಖ್ಯೆ ಬೆಸೆಯಲಿ. ಸಮಸ್ಥಾನಿ ಪ್ರಯೋಗಾಲಯಕ್ಕೆಂದೇ ಇದನ್ನು ರೂಪಿಸಿದ್ದರಲ್ಲಿ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾಲಯದ ಟೈಲರ್ ಕೋಪ್ಲೆನ್ ಹೆಸರು ಮುಖ್ಯ. ಮೈಕ್ರೊಸಾಫ್ಟ್ ಆ್ಯಕ್ಸೆಸ್ ಮೇಲೆ ಅವರು ಕಟ್ಟಿದ, ಪ್ರಯೋಗಾಲಯದ ಮಾಹಿತಿ ನಿರ್ವಹಿಸುವ ‘ಲಿಮ್ಸ್’ ತಂತ್ರಾಂಶದ ಕೈಪಿಡಿ 2000ದಲ್ಲಿ ಹೊರಬಂತು. ಅದರಲ್ಲಿ ಪ್ರತಿ ಮಾದರಿಗೂ ಅದರ ಬಗೆಯನ್ನು ಸೂಚಿಸುವ ಅಕ್ಷರ ಮತ್ತು ಕ್ರಮಸಂಖ್ಯೆ ಸೇರಿದ ಗುರುತು ದೊರೆಯುತ್ತದೆ. ಯಂತ್ರದ ಕಡತವನ್ನು ಕೈಯಿಂದ ನಕಲು ಮಾಡದೆ ನೇರವಾಗಿ ಒಳಗೆ ಸೇರಿಸಬಹುದು. ತಿದ್ದುಪಡಿಯ ಗುಣಾಂಕಗಳು ಬೇರೆಯಾಗಿಯೇ ಉಳಿಯುತ್ತವೆ, ಮೂಲ ಓದು ಅಳಿಯುವುದಿಲ್ಲ. ಕೊನೆಗೆ ಮಾದರಿ ಕಳಿಸಿದವರಿಗೆ ವರದಿಯನ್ನೂ ಅದೇ ಸಿದ್ಧಪಡಿಸುತ್ತದೆ.

ಮೂಲ ಓದಿನ ಬೆಲೆ ಎಷ್ಟೆಂಬುದು ಮಾನಕಗಳ ಇತಿಹಾಸದಿಂದ ತಿಳಿಯುತ್ತದೆ. ನೀರಿನ ಅಳತೆಗೋಲಿಗೆ ಎರಡು ತುದಿ: ಸಾಗರಜಲದ ಮಾನಕ ಸೊನ್ನೆ, ಅಂಟಾರ್ಕ್ಟಿಕಾದ ನೀರಿನಿಂದ ಮಾಡಿದ ಮಾನಕ ಆಮ್ಲಜನಕಕ್ಕೆ –55.5, ಜಲಜನಕಕ್ಕೆ –428. ಇಂಗಾಲಕ್ಕೂ ಇಂಥದೇ ಎರಡನೆಯ ತುದಿ ಇರಲೆಂದು 2006ರಲ್ಲಿ ಒಂದು ಲಿಥಿಯಂ ಕಾರ್ಬೊನೇಟ್ ಪುಡಿಗೆ –46.6 ಎಂಬ ಮೌಲ್ಯ ನಿಗದಿಯಾಯಿತು. ಸುಮಾರು ಹತ್ತು ವರ್ಷಗಳ ನಂತರ ಆ ಪುಡಿಯೇ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಬದಲಾಗುತ್ತಿದೆ ಎಂದು ಪತ್ತೆಯಾಗಿ ಅದರ ಬಳಕೆ ನಿಂತಿತು. ಯಾವ ದಿನ, ಯಾವ ಮಾನಕಗಳ ನಡುವೆ ಯಾವ ಮಾದರಿ ಓಡಿತು ಎಂಬ ದಾಖಲೆ ಇಟ್ಟ ಪ್ರಯೋಗಾಲಯಗಳು ಹಳೆಯ ಮೌಲ್ಯಗಳನ್ನು ಮತ್ತೆ ಲೆಕ್ಕ ಹಾಕಬಲ್ಲವು. ಅಂತಿಮ ಅಂಕಿಯನ್ನಷ್ಟೇ ಬರೆದಿಟ್ಟವರಿಗೆ ಆ ದಾರಿ ಇಲ್ಲ.

ಲೇಸರ್ ಉಪಕರಣಗಳು ಬಂದ ಮೇಲೆ ನೀರಿನ ವಿಶ್ಲೇಷಣೆ ಅಗ್ಗವಾಯಿತು, ಅಂಕಿಗಳ ರಾಶಿಯೂ ಬೆಳೆಯಿತು. ಇವುಗಳಲ್ಲಿ ಹಿಂದಿನ ಮಾದರಿಯ ಶೇಷ ಮುಂದಿನದಕ್ಕೆ ಬೆರೆಯುವುದರಿಂದ ಒಂದೇ ನೀರನ್ನು ಹಲವು ಬಾರಿ ಚುಚ್ಚಿ ಮೊದಲ ಕೆಲವು ಓದುಗಳನ್ನು ಕೈಬಿಡಬೇಕಾಗುತ್ತದೆ. ಅದಕ್ಕಾಗಿ ಕೋಪ್ಲೆನ್ ಮತ್ತು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಲಿಯೊನಾರ್ಡ್ ವಾಸೆನಾರ್ ಸೇರಿ ಲೇಸರ್‌ಗೆಂದೇ ಲಿಮ್ಸ್ ರೂಪಿಸಿದರು. ಅದರ 2015ರ ಆವೃತ್ತಿ ಉಚಿತವಾಗಿ ದೊರೆಯುವಂಥದ್ದು.

ಚಾಮರಾಜನಗರ ಜಿಲ್ಲೆಯದೇ ಆದ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ದತ್ತಾಂಶದ ಸಮಸ್ಯೆಯ ಸ್ವರೂಪವೇ ಬೇರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನೆಲೆಯಾದ ಭಾರತ–ಫ್ರಾನ್ಸ್ ಜಲವಿಜ್ಞಾನ ಕೋಶವು 2003ರಿಂದ ಬಂಡೀಪುರದ ಮೂಲೆಹೊಳೆಯಲ್ಲಿ, 2009ರಿಂದ ಬೇರಂಬಾಡಿಯಲ್ಲಿ ಜಲಾನಯನಗಳನ್ನು ಗಮನಿಸುತ್ತ ಬಂದಿದೆ. ಮೂಲೆಹೊಳೆಯದು ಸುಮಾರು 4 ಚದರ ಕಿಲೋಮೀಟರಿನ ಕಾಡು. ಬೇರಂಬಾಡಿಯದು 84 ಚದರ ಕಿಲೋಮೀಟರು, ಅರಿಶಿನ, ಚೆಂಡುಹೂವು, ಬಾಳೆ ಬೆಳೆಯುವ ಕೊಳವೆಬಾವಿಗಳ ನಾಡು. ಮೂಲೆಹೊಳೆಯಲ್ಲಿ ಸಿಲಿಕಾನ್‌ನ ಸ್ಥಿರ ಸಮಸ್ಥಾನಿಗಳ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಬೇರಂಬಾಡಿಯ 200ಕ್ಕೂ ಹೆಚ್ಚು ಕೊಳವೆಬಾವಿಗಳ ನೈಟ್ರೇಟ್ ಸಮೀಕ್ಷೆ ಅದಕ್ಕೂ ಒಂದು ವರ್ಷ ಮೊದಲು ಬಂದಿತ್ತು. ಇಂಥ ಕಡೆ ಸಮಸ್ಥಾನಿ ಮೌಲ್ಯ ಮಳೆ, ಹೊಳೆಯ ಹರಿವು, ಅಂತರ್ಜಲದ ಮಟ್ಟ, ಮಣ್ಣಿನ ರಾಸಾಯನಿಕತೆಗಳ ಸರಣಿಗಳೊಡನೆ ದಿನಾಂಕ ಮತ್ತು ಜಾಗದಿಂದ ಹೊಂದಿಕೊಳ್ಳಬೇಕು. ಬಾವಿಯ ಗುರುತೂ ತೊಡಕಿನದೇ. ಒಂದು ಕೊಳವೆಬಾವಿ ಬತ್ತಿದರೆ ರೈತ ಹತ್ತು ಮಾರು ಆಚೆ ಇನ್ನೊಂದನ್ನು ಕೊರೆಸುತ್ತಾನೆ. ಊರಿನವರ ಬಾಯಲ್ಲಿ ಎರಡಕ್ಕೂ ಒಂದೇ ಹೆಸರು. ಆದ್ದರಿಂದ ಬಾವಿಗೆ ಒಂದು ಕೋಷ್ಟಕ, ಅದರಿಂದ ತೆಗೆದ ನೀರಿಗೆ ಇನ್ನೊಂದು, ಆ ನೀರಿನ ಪ್ರತಿ ವಿಶ್ಲೇಷಣೆಗೆ ಮತ್ತೊಂದು ಎಂದು ಬೇರ್ಪಡಿಸುವುದೇ ಸರಿಯಾದ ಕ್ರಮ. ಬಾವಿಗಳ ಒಡೆಯರ ಹೆಸರುಗಳನ್ನು ಬಹಿರಂಗ ಪ್ರತಿಯಿಂದ ತೆಗೆದಿಡಲೂ ಇದರಿಂದ ಅನುಕೂಲ.

ಮೂಲೆಹೊಳೆಯ ಜಲ–ಭೂರಾಸಾಯನಿಕ ದತ್ತಾಂಶವನ್ನು ವಿವರಿಸುವ ಲೇಖನ 2021ರಲ್ಲಿ ‘ಹೈಡ್ರಲಾಜಿಕಲ್ ಪ್ರೊಸೆಸಸ್’ ಪತ್ರಿಕೆಯಲ್ಲಿ ಬಂತು. ಎಂ–ಟ್ರಾಪಿಕ್ಸ್ ಎಂಬ ಉಷ್ಣವಲಯದ ವೀಕ್ಷಣಾಲಯ ಜಾಲದ ಭಾಗವಾಗಿ ಆ ದತ್ತಾಂಶ ಸಂಶೋಧಕರಿಗೆ ತೆರೆದಿದೆ. ಹೊಲಗಳ ಮಟ್ಟಿಗೆ ಇನ್ನೊಂದು ಹೆಜ್ಜೆ ಅಗತ್ಯ. ಮಾದರಿ ಕಳಿಸಿದ ವಿಜ್ಞಾನಿಗೆ ವರದಿ ಮುದ್ರಿಸುವ ಡೇಟಾಬೇಸ್‌ಗೆ ಬಾವಿಯ ಒಡೆಯರಿಗೂ ಒಂದು ಪುಟ ಮುದ್ರಿಸುವುದು ದೊಡ್ಡ ಕೆಲಸವಲ್ಲ. ಆ ಪುಟ ಕನ್ನಡದಲ್ಲಿರಬೇಕು.