ಗುಬ್ಬಿ ದಾರಿಯಲ್ಲಿ ಮಾಧವನ ಲೆಕ್ಕ

ತುಮಕೂರಿನಿಂದ ಗುಬ್ಬಿಗೆ ಸುಮಾರು 20 ಕಿ.ಮೀ. ದಾರಿಹೋಕನೊಬ್ಬ ಗುಬ್ಬಿಯವರೆಗೆ ನಡೆದು, ಆ ದೂರದ ಮೂರನೇ ಒಂದು ಭಾಗದಷ್ಟು ಮಲ್ಲಸಂದ್ರದ ಕಡೆಗೆ ಹಿಂದಿರುಗುತ್ತಾನೆ ಎಂದುಕೊಳ್ಳಿ. ಮತ್ತೆ ಐದನೇ ಒಂದು ಭಾಗ ಮುಂದಕ್ಕೆ, ಏಳನೇ ಒಂದು ಭಾಗ ಹಿಂದಕ್ಕೆ, ಒಂಬತ್ತನೇ ಒಂದು ಭಾಗ ಮುಂದಕ್ಕೆ. ಹೀಗೆ ಕೊನೆಯಿಲ್ಲದೆ ನಡೆದರೆ ಆತ ಎಲ್ಲಿ ನೆಲೆಗೊಳ್ಳುತ್ತಾನೆ? ಓಡಾಟ ಕಿರಿದಾಗುತ್ತ ಆಗುತ್ತ, ತುಮಕೂರಿನಿಂದ 15.708 ಕಿ.ಮೀ. ದೂರದ ಬಿಂದುವಿಗೆ ಸಮೀಪಿಸುತ್ತಾನೆ. 20ನ್ನು ‘ಪೈ’ನ ಕಾಲು ಭಾಗದಿಂದ ಗುಣಿಸಿದರೆ ಬರುವುದೂ ಇದೇ. ವೃತ್ತದ ಗುಟ್ಟು ಬೆಸಸಂಖ್ಯೆಗಳ ಈ ಕೂಡು-ಕಳೆ ಆಟದಲ್ಲಿ ಅಡಗಿದೆ!

ಕೂಡು-ಕಳೆ ಸರಣಿಗಳೆಲ್ಲ ಹೀಗೆ ನೆಲೆ ಕಾಣುವುದಿಲ್ಲ. ಕುದುರೆಗಳಿಗೆ ಹೆಸರಾದ ಕುಣಿಗಲ್ಲಿನ ಬಯಲಲ್ಲಿ ಕುದುರೆಯೊಂದು ಎರಡು ಗೂಟಗಳ ನಡುವೆ ಅಷ್ಟೇ ದೂರ ಹೋಗಿ ಬರುತ್ತಿದ್ದರೆ ಅದಕ್ಕೆ ನಿಲುಗಡೆಯೇ ಇಲ್ಲ. ಪ್ರತಿ ಪದವೂ ಹಿಂದಿನದಕ್ಕಿಂತ ಚಿಕ್ಕದಾಗಿ, ಕೊನೆಗೆ ಸೊನ್ನೆಯತ್ತ ಸಾಗಬೇಕು.

ಜರ್ಮನಿಯ ಲೀಬ್ನಿಟ್ಸ್ ಈ ಸರಣಿಯನ್ನು ಕಂಡದ್ದು 1673ರಲ್ಲಿ. ಅದಕ್ಕೂ ಸುಮಾರು ಮುನ್ನೂರು ವರ್ಷ ಹಿಂದೆಯೇ ಕೇರಳದ ಸಂಗಮಗ್ರಾಮದ ಮಾಧವ ಅದನ್ನು ಅರಿತಿದ್ದ. ಆತ ಎಂಬ್ರಾಂತಿರಿ, ಅಂದರೆ ತುಳುನಾಡಿನಿಂದ ವಲಸೆ ಹೋದ ಬ್ರಾಹ್ಮಣ ಮನೆತನದವನೆಂದು ವಿದ್ವಾಂಸರು ಹೇಳುತ್ತಾರೆ; ಕನ್ನಡಿಗರಿಗೆ ಆತ ತೀರ ಹೊರಗಿನವನೇನಲ್ಲ.

ಮಾಧವನ ಹೆಚ್ಚಿನ ಜಾಣ್ಮೆ ಇರುವುದು ಬೇರೆಡೆ. ಈ ಸರಣಿ ಬಲು ನಿಧಾನ. ಐದು ನಡಿಗೆ ಮುಗಿದಾಗ ದಾರಿಹೋಕ 16.698 ಕಿ.ಮೀ.ನಲ್ಲಿರುತ್ತಾನೆ, ತಪ್ಪು ಸುಮಾರು 1 ಕಿ.ಮೀ. ಸಾವಿರ ಪದ ಕೂಡಿಸಿದರೂ ‘ಪೈ’ನಲ್ಲಿ ಸಾವಿರದಲ್ಲೊಂದು ಪಾಲಿನಷ್ಟು ತಪ್ಪು ಉಳಿಯುತ್ತದೆ. ಮಾಧವನ ಪರಂಪರೆ ಇದಕ್ಕೊಂದು ತಿದ್ದುಪಡಿ ಕೊಟ್ಟಿತು: ಎಷ್ಟು ಪದ ಕೂಡಿಸಿದೆಯೋ ಆ ಸಂಖ್ಯೆಯನ್ನು, ಅದರ ವರ್ಗದ ನಾಲ್ಕರಷ್ಟಕ್ಕೆ ಒಂದು ಸೇರಿಸಿ ಭಾಗಿಸು. ಐದು ಪದಗಳಿಗೆ ಇದು 101ರಲ್ಲಿ 5. ಕೊನೆಯ ನಡಿಗೆ ಮುಂದಕ್ಕಾಗಿದ್ದರಿಂದ ಇದನ್ನು ಕಳೆಯಬೇಕು. ಆಗ ದಾರಿಹೋಕನಿಗೂ ಗುರಿಗೂ ನಡುವೆ ಒಂದು ಮೊಳವೂ ಉಳಿಯದು!

ಸರಣಿ ಕುರಿತ ಮಾಧವನ ಸ್ವಂತ ಗ್ರಂಥ ಉಳಿದಿಲ್ಲ. 1530ರ ಸುಮಾರಿಗೆ ಜ್ಯೇಷ್ಠದೇವ ‘ಯುಕ್ತಿಭಾಷಾ’ದಲ್ಲಿ ಇದರ ಸಾಧನೆಯನ್ನು ಸಂಸ್ಕೃತ ಬಿಟ್ಟು ಮಲಯಾಳದ ಗದ್ಯದಲ್ಲೇ ವಿವರಿಸಿದ. ಕಂಪನಿ ನೌಕರ ಚಾರ್ಲ್ಸ್ ವಿಷ್ 1834ರಲ್ಲಿ ಇದನ್ನು ಪ್ರಕಟಿಸಿದರೂ ಯುರೋಪಿನಲ್ಲಿ ಕಿವಿಗೊಟ್ಟವರು ಕಡಿಮೆ. 1944ರಲ್ಲಿ ಮುಕುಂದ ಮಾರಾರ್ ಮತ್ತು ಸಿ.ಟಿ. ರಾಜಗೋಪಾಲ್ ಮತ್ತೆ ಬರೆಯಬೇಕಾಯಿತು. ಈಗ ಹಲವು ಪುಸ್ತಕಗಳಲ್ಲಿ ಅದು ಮಾಧವ-ಲೀಬ್ನಿಟ್ಸ್ ಸರಣಿ.