ತಿದ್ದುವ ಕೈ ಎಲ್ಲಿ ನಿಲ್ಲಬೇಕು?

ಭಾವಚಿತ್ರ ತೆಗೆಸಿಕೊಳ್ಳಲು ಕುಳಿತವರ ಮನಸ್ಸಿನಲ್ಲಿ ಎರಡು ಬಯಕೆಗಳಿರುತ್ತವೆ. ಚಿತ್ರ ತಮ್ಮ ಹಾಗೆಯೇ ಇರಬೇಕೆಂಬುದು ಒಂದು. ತಮಗಿಂತ ಸ್ವಲ್ಪ ಚೆನ್ನಾಗಿರಬೇಕೆಂಬುದು ಇನ್ನೊಂದು. ಈ ಎರಡರ ನಡುವಣ ಇಕ್ಕಟ್ಟಿನಲ್ಲಿ ಹುಟ್ಟಿದ ಕಸಬೇ ಚಿತ್ರ ತಿದ್ದುವ ಕಸಬು. ಸ್ಟುಡಿಯೋದವರು ಇದನ್ನು ‘ರೀಟಚಿಂಗ್’ ಎನ್ನುತ್ತಾರೆ. ಇದರ ಕಥೆ ಛಾಯಾಚಿತ್ರದ ಕಥೆಯಷ್ಟೇ ಹಳೆಯದು ಎಂದರೂ ಸಲ್ಲುತ್ತದೆ.

1839ರಲ್ಲಿ ಪ್ಯಾರಿಸಿನಲ್ಲಿ ದಗೇರ್ ಎಂಬಾತನ ವಿಧಾನ ಲೋಕಕ್ಕೆ ಪ್ರಕಟವಾಯಿತು. ಬೆಳ್ಳಿಯ ಲೇಪವಿದ್ದ ತಾಮ್ರದ ತಗಡಿನ ಮೇಲೆ ಮೂಡುತ್ತಿದ್ದ ಆ ಚಿತ್ರಕ್ಕೆ ಪ್ರತಿಯೇ ಇಲ್ಲ. ಕೆನ್ನೆಗೆ ಒಂದಿಷ್ಟು ಕೆಂಪು, ಒಡವೆಗೆ ಒಂದಿಷ್ಟು ಹೊಂಬಣ್ಣ ಹಚ್ಚಬಹುದಿತ್ತೇ ಹೊರತು ಮುಖದ ರೇಖೆಗಳನ್ನು ಮುಟ್ಟುವುದು ಸುಲಭವಿರಲಿಲ್ಲ. 1851ರಲ್ಲಿ ಇಂಗ್ಲೆಂಡಿನ ಆರ್ಚರ್ ಗಾಜಿನ ಫಲಕದ ಮೇಲೆ ನೆಗೆಟಿವ್ ಮಾಡುವ ಹೊಸ ಕ್ರಮವನ್ನು ಪ್ರಕಟಿಸಿದ. ಒಂದು ಫಲಕದಿಂದ ಎಷ್ಟು ಪ್ರತಿಗಳನ್ನಾದರೂ ತೆಗೆಯಬಹುದಾಯಿತು. ಫಲಕವನ್ನು ಒಮ್ಮೆ ತಿದ್ದಿದರೆ ಎಲ್ಲ ಪ್ರತಿಗಳೂ ತಿದ್ದಿದಂತೆಯೇ.

ಆದರೆ ಆ ಫಲಕಕ್ಕೆ ಒಂದು ದೊಡ್ಡ ದೋಷವಿತ್ತು. ಅದಕ್ಕೆ ನೀಲಿ ಬೆಳಕು ಕಾಣುತ್ತಿತ್ತು. ಕೆಂಪು ಹಳದಿಗಳು ಕಾಣುತ್ತಿರಲಿಲ್ಲ. ಹೀಗಾಗಿ ಮುಖದ ಮೇಲಿನ ನಸುಗೆಂಪು ಮಚ್ಚೆ, ಕಣ್ಣಿಗೆ ಅಷ್ಟಾಗಿ ಬೀಳದ ಕಂದು ಚುಕ್ಕೆ, ಇವೆಲ್ಲ ಚಿತ್ರದಲ್ಲಿ ಕಪ್ಪು ಕಲೆಗಳಾಗಿ ಎದ್ದು ಕಾಣುತ್ತಿದ್ದವು. ಮುಖದಲ್ಲಿಲ್ಲದ ಕುರೂಪವನ್ನು ಫಲಕವೇ ತಂದಿಡುತ್ತಿತ್ತು. ಅದನ್ನು ತೆಗೆದವನು ಸುಳ್ಳು ಹೇಳಿದನೆನ್ನಬೇಕೆ? ಇಲ್ಲ, ಸುಳ್ಳನ್ನು ಅಳಿಸಿದನೆನ್ನಬೇಕು. ತಿದ್ದುವ ಕಸಬಿಗೆ ಇದ್ದ ನ್ಯಾಯವಾದ ಆಧಾರ ಇದು.

ಕೆಲಸದ ರೀತಿ ಹೀಗಿತ್ತು. ಓರೆಯಾದ ಚೌಕಟ್ಟಿನಲ್ಲಿ ನೆಗೆಟಿವನ್ನಿಟ್ಟು, ಕೆಳಗಿನ ಕನ್ನಡಿಯಿಂದ ಬೆಳಕು ಹಾಯಿಸುತ್ತಿದ್ದರು. ಫಲಕಕ್ಕೆ ತೆಳುವಾಗಿ ರೋಗನು ಸವರಿ, ಸೂಜಿಯಂತೆ ಹೆರೆದ ಪೆನ್ಸಿಲಿನಿಂದ ಸಣ್ಣ ಸಣ್ಣ ಗೆರೆ ಎಳೆಯುತ್ತಿದ್ದರು. ನೆಗೆಟಿವಿನಲ್ಲಿ ಕಪ್ಪಾದದ್ದು ಕಾಗದದ ಮೇಲೆ ಬಿಳುಪಾಗುತ್ತದಷ್ಟೆ. ಹೀಗೆ ಕಲೆ ಮಾಯವಾಗುತ್ತಿತ್ತು. ಅದೇ ಪೆನ್ಸಿಲು ಇನ್ನು ನಾಲ್ಕು ಗೆರೆ ಮುಂದೆ ಹೋದರೆ ಸುಕ್ಕೂ ಮಾಯ. ಮತ್ತೂ ಮುಂದೆ ಹೋದರೆ ಕೆನ್ನೆಯ ಮೂಳೆಯೂ ಮಾಯ! 1855ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಮ್ಯೂನಿಕ್ ನಗರದ ಹಾನ್ಫ್‌ಸ್ಟೆಂಗಲ್ ಎಂಬುವನು ತಿದ್ದುವ ಮುನ್ನಿನ ಚಿತ್ರವನ್ನೂ ತಿದ್ದಿದ ಚಿತ್ರವನ್ನೂ ಜೊತೆಯಾಗಿ ತೋರಿಸಿ ಜನರನ್ನು ಬೆರಗುಗೊಳಿಸಿದನೆಂದು ಇತಿಹಾಸಕಾರರು ಬರೆಯುತ್ತಾರೆ.

ಇದಕ್ಕೆ ಎದುರಾಗಿ ನಿಂತವರೂ ಇದ್ದರು. ಕಲ್ಕತ್ತೆಯಲ್ಲಿ 1815ರಲ್ಲಿ ಹುಟ್ಟಿ, ಸಿಂಹಳದಲ್ಲಿ 1879ರಲ್ಲಿ ತೀರಿಕೊಂಡ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಎಂಬ ಮಹಿಳೆ ನಲವತ್ತೆಂಟರ ವಯಸ್ಸಿನಲ್ಲಿ ಕ್ಯಾಮೆರಾ ಹಿಡಿದರು. 1867ರಲ್ಲಿ ಅವರು ತೆಗೆದ ಖಗೋಳ ವಿಜ್ಞಾನಿ ಸರ್ ಜಾನ್ ಹರ್ಷೆಲರ ಚಿತ್ರ ಲೋಕಪ್ರಸಿದ್ಧ. ‘ನೆಗೆಟಿವ್’, ‘ಪಾಸಿಟಿವ್’ ಎಂಬ ಮಾತುಗಳನ್ನು ಈ ಕಲೆಗೆ ಕೊಟ್ಟವರೂ ಈ ಹರ್ಷೆಲರೇ. ಎಪ್ಪತ್ತೈದರ ಆ ವೃದ್ಧರ ಕೆದರಿದ ಬಿಳಿಗೂದಲು, ಹಣೆಯ ಗೆರೆಗಳು, ದಣಿದ ಕಣ್ಣುಗಳು ಎಲ್ಲವೂ ಹಾಗೆಯೇ ಇವೆ. ಆ ಗೆರೆಗಳನ್ನು ಅಳಿಸಿದ್ದರೆ ನಕ್ಷತ್ರಗಳನ್ನು ನೋಡುತ್ತ ಸವೆದ ಆಯುಷ್ಯವನ್ನೇ ಅಳಿಸಿದಂತಾಗುತ್ತಿತ್ತು.

ನಮ್ಮ ದೇಶದಲ್ಲಿ ಬೇರೊಂದು ಮಾರ್ಗ ಬೆಳೆಯಿತು. ರಾಜಸ್ಥಾನದ ಅರಮನೆಗಳಲ್ಲಿ ಚಿತ್ರಗಾರರು ಛಾಯಾಚಿತ್ರದ ಮೇಲೆಯೇ ದಟ್ಟವಾಗಿ ಬಣ್ಣ ಹಾಕುತ್ತಿದ್ದರು. ಉಡುಪು, ರತ್ನಗಂಬಳಿ, ಹಿನ್ನೆಲೆಗಳೆಲ್ಲ ಬಣ್ಣದಲ್ಲಿ ಮುಳುಗಿದರೂ ಮುಖಕ್ಕೆ ಮಾತ್ರ ತೆಳುಬಣ್ಣ ಸವರಿ ಬಿಟ್ಟ ಚಿತ್ರಗಳು ಅನೇಕವಿವೆ. ಎಲ್ಲಿ ನಿಲ್ಲಬೇಕೆಂಬುದು ಆ ಕುಂಚಕ್ಕೆ ಗೊತ್ತಿತ್ತು.

1906ರ ಹೊತ್ತಿಗೆ ಎಲ್ಲ ಬಣ್ಣಗಳನ್ನೂ ಗ್ರಹಿಸುವ ಫಲಕಗಳು ಮಾರಾಟಕ್ಕೆ ಬಂದವು. ಫಲಕದ ದೋಷ ಹೋಯಿತು. ತಿದ್ದುವ ಚಟ ಮಾತ್ರ ಹೋಗಲಿಲ್ಲ. ರೋಗ ವಾಸಿಯಾದ ಮೇಲೂ ಔಷಧ ಕುಡಿಯುತ್ತಲೇ ಇದ್ದ ಹಾಗಾಯಿತು.

ಈ ಚಟದ ಸ್ವಭಾವವನ್ನು ಕ್ಯಾಮೆರಾ ಹುಟ್ಟುವುದಕ್ಕೆ ಎಷ್ಟೋ ಶತಮಾನ ಮೊದಲೇ ಕಾಳಿದಾಸ ಬಲ್ಲ. ನಮ್ಮ ಬಸವಪ್ಪ ಶಾಸ್ತ್ರಿಗಳು ಕನ್ನಡಿಸಿದ ಶಾಕುಂತಲದ ಆರನೆಯ ಅಂಕವನ್ನು ನೆನೆಯಿರಿ. ದುಷ್ಯಂತ ತಾನೇ ಬರೆದ ಶಕುಂತಲೆಯ ಚಿತ್ರದ ಮುಂದೆ ಕುಳಿತಿದ್ದಾನೆ. ಸರಿಬಾರದ್ದನ್ನು ಚಿತ್ರದಲ್ಲಿ ಬೇರೆಯಾಗಿಸುತ್ತಾರೆ, ಆದರೂ ಆಕೆಯ ಚೆಲುವು ರೇಖೆಗೆ ಸ್ವಲ್ಪವೇ ಸಿಕ್ಕಿದೆ ಎನ್ನುತ್ತಾನೆ. ಆಮೇಲೆ ಮಾಲಿನೀ ನದಿ ಬೇಕು, ಹಂಸಗಳು ಬೇಕು, ಜಿಂಕೆಗಳು ಬೇಕು ಎನ್ನುತ್ತ ಹೋಗುತ್ತಾನೆ. ವಿದೂಷಕ ತನ್ನೊಳಗೇ, ಇನ್ನು ಈತ ಹಲಗೆಯ ತುಂಬ ಉದ್ದಗಡ್ಡದ ತಪಸ್ವಿಗಳನ್ನು ತುಂಬುವನೆಂದು ನಗುತ್ತಾನೆ. ರಾಜನ ಕುಂಚ ನಿಲ್ಲದಿರುವುದಕ್ಕೆ ಕಾರಣ ಚಿತ್ರದ ಕೊರತೆಯಲ್ಲ, ಅವನ ಮನಸ್ಸಿನ ಕೊರಗು. ತನ್ನ ಮುಖವನ್ನೇ ಮತ್ತೆ ಮತ್ತೆ ತಿದ್ದಿಸುವವನ ವಿಷಯವೂ ಇಷ್ಟೆ.

1990ರಲ್ಲಿ ಫೋಟೋಶಾಪ್ ಬಂದ ಮೇಲೆ ಪೆನ್ಸಿಲು ಗಣಕಯಂತ್ರಕ್ಕೆ ಸೇರಿತು. ಈಗ ಅದು ಎಲ್ಲರ ಜೇಬಿನ ಫೋನಿನಲ್ಲಿದೆ. ಎಷ್ಟೋ ಫೋನುಗಳು ಕೇಳದೆಯೇ ಚರ್ಮವನ್ನು ನಯಗೊಳಿಸಿ ಕೊಡುತ್ತವೆ. ಜಾಹೀರಾತುಗಳಲ್ಲಿ ದೇಹದ ಆಕಾರವನ್ನು ತಿದ್ದಿದ್ದರೆ ಹಾಗೆಂದು ಅಚ್ಚುಹಾಕಬೇಕೆಂಬ ನಿಯಮ ಫ್ರಾನ್ಸಿನಲ್ಲಿ 2017ರಲ್ಲಿಯೂ, ಅಂಥದೇ ಕಾನೂನು ನಾರ್ವೆಯಲ್ಲಿ 2022ರಲ್ಲಿಯೂ ಜಾರಿಗೆ ಬಂದವು. ಮನೆಯ ಚಿತ್ರಗಳಿಗೆ ಕಾನೂನಿಲ್ಲ. ಅಲ್ಲಿ ನಮ್ಮ ವಿವೇಕವೇ ಕಾನೂನು.

ಹಳೆಯ ಫಲಕಗಳ ಕಥೆ ಆ ವಿವೇಕಕ್ಕೆ ಒಂದು ಅಳತೆಗೋಲನ್ನು ಕೊಡುತ್ತದೆ. ಯಂತ್ರ ತಂದ ದೋಷವನ್ನು ತೆಗೆಯಿರಿ. ಇಂದು ಎದ್ದು ನಾಳೆ ಹೋಗುವ ಮೊಡವೆಯನ್ನೂ ತೆಗೆಯಿರಿ. ಆದರೆ ವರ್ಷಗಳು ಬರೆದದ್ದನ್ನು ಮುಟ್ಟಬೇಡಿ. ಅಜ್ಜಿಯ ಕಣ್ಣಂಚಿನ ಗೆರೆಗಳು ಆಕೆ ನಕ್ಕ ನಗೆಗಳ ಲೆಕ್ಕ. ಮರಿಮಕ್ಕಳು ಆಕೆಯನ್ನು ಚಿತ್ರದಲ್ಲಿ ಮಾತ್ರ ನೋಡುವ ದಿನ ಬರುತ್ತದೆ. ತಮ್ಮ ಮುಖದ ಮಚ್ಚೆ ಯಾರಿಂದ ಬಂತೆಂದು ಅಲ್ಲಿ ಹುಡುಕುತ್ತಾರೆ. ಆಗ ಅವರಿಗೆ ನಯವಾದ ಅಪರಿಚಿತಳೊಬ್ಬಳು ಸಿಕ್ಕಿದರೆ ಏನು ಫಲ? ‘ಇದು ಅವರೇ’ ಎಂದು ಮನೆಯವರು ಒಪ್ಪುವಷ್ಟರಲ್ಲಿ ಕೈಯನ್ನು ನಿಲ್ಲಿಸಿಬಿಡಿ.