ಅಂಗಡಿಯ ಬಾಗಿಲು ಮತ್ತು ಆಚಾರ

ನಮ್ಮ ಸಿದ್ದಾಪುರದ ಸೀಮೆಗೆ ಸಮೀಪವಾದ ಗಂಗಾವತಿ ತಾಲ್ಲೂಕಿನಲ್ಲಿ ಮರಕುಂಬಿ ಎಂಬ ಗ್ರಾಮವಿದೆ. ಅಲ್ಲಿ ಕ್ಷೌರದಂಗಡಿ ಹಾಗೂ ಹೋಟೆಲುಗಳಲ್ಲಿ ದಲಿತರಿಗೆ ಪ್ರವೇಶವನ್ನು ನಿರಾಕರಿಸಿದುದರಿಂದ ಬೆಳೆದ ವೈಷಮ್ಯವು 2014ರ ಆಗಸ್ಟ್ 28ರಂದು ಅವರ ಗುಡಿಸಲುಗಳಿಗೆ ಬೆಂಕಿಯಿಡುವಲ್ಲಿಗೆ ಮುಟ್ಟಿತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ಸತ್ರ ನ್ಯಾಯಾಲಯವು 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮರುತಿಂಗಳು ಉಚ್ಚ ನ್ಯಾಯಾಲಯದ ಧಾರವಾಡ ಪೀಠವು ಅವರಲ್ಲಿ ಬಹುಮಂದಿಗೆ ಜಾಮೀನು ನೀಡಿತು.

‘ಅಂಗಡಿ ನನ್ನದು, ಆಚಾರವೂ ನನ್ನದು, ಒಲ್ಲದವರನ್ನು ಒಳಗೇಕೆ ಕರೆಯಲಿ?’ ಎಂಬ ಮಾತಿಗೆ ಧರ್ಮಸ್ವಾತಂತ್ರ್ಯದ ಆಸರೆಯುಂಟೆ? ಸಂವಿಧಾನದ 25ನೆಯ ವಿಧಿಯು ಆ ಸ್ವಾತಂತ್ರ್ಯವನ್ನು ಇತರ ಮೂಲಭೂತ ಹಕ್ಕುಗಳಿಗೆ ಒಳಪಡಿಸಿಯೇ ಕೊಟ್ಟಿದೆ. 15ನೆಯ ವಿಧಿಯು ಅಂಗಡಿ, ಹೋಟೆಲುಗಳಲ್ಲಿ ಜಾತಿಯ ತಡೆಯನ್ನು ನಿಷೇಧಿಸುತ್ತದೆ. ಇಲ್ಲಿ ‘ಅಂಗಡಿ’ಯೆಂದರೆ ಸೇವೆಯನ್ನು ನೀಡುವ ಯಾವನಾದರೂ ಎಂದು 1948ರ ನವೆಂಬರ್ 29ರಂದು ಅಂಬೇಡ್ಕರರು ಸಂವಿಧಾನ ಸಭೆಯಲ್ಲಿ ವಿವರಿಸಿದ್ದರು. ಸರಕನ್ನಾಗಲಿ ಸೇವೆಯನ್ನಾಗಲಿ ಅಸ್ಪೃಶ್ಯತೆಯ ನೆಪದಿಂದ ನಿರಾಕರಿಸುವುದು 1955ರ ಕಾಯಿದೆಯಂತೆ ಅಪರಾಧ. ದೇವಾಲಯದ ವಿಷಯದಲ್ಲಿ ಕಾನೂನು ಇನ್ನಷ್ಟು ಸೂಕ್ಷ್ಮವಾಗಿ ನಡೆದಿದೆ. ಮೂಲ್ಕಿಯ ವೆಂಕಟರಮಣ ದೇವಾಲಯದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1957ರಲ್ಲಿ ಪ್ರವೇಶವನ್ನು ಎಲ್ಲ ಹಿಂದೂಗಳಿಗೂ ತೆರೆದು, ಕೆಲವು ವಿಶೇಷ ಸೇವೆಗಳನ್ನು ಮಾತ್ರ ಆ ಸಮುದಾಯಕ್ಕೇ ಉಳಿಸಿತು.

ಭವಿಯ ಮನೆಯಲ್ಲಿ ಉಣ್ಣಬಾರದೆಂಬ ನೇಮವು ವಚನಗಳಲ್ಲಿಯೇ ಇದೆಯಲ್ಲ ಎಂದು ಭಕ್ತರು ಕೇಳಬಹುದು. ಇದೆ, ಅದನ್ನು ಮರೆಮಾಚಲಾಗದು. ಆದರೆ ಶರಣರ ದೃಷ್ಟಿಯಲ್ಲಿ ಭವಿತನವು ಹುಟ್ಟಿನಿಂದ ಬಂದುದಲ್ಲ, ದೀಕ್ಷೆಯಿಂದ ಕಳೆಯತಕ್ಕದ್ದು. ಸಮಗಾರ ಹರಳಯ್ಯನು ಶರಣನಾದ ಬಳಿಕ, ಬ್ರಾಹ್ಮಣ ಕುಲದ ಮಧುವರಸನು ಅವನೊಡನೆ ಬೀಗತನ ಬೆಳೆಸಿದನೆಂದು ಪರಂಪರೆ ಹೇಳುತ್ತದೆ. ಕಾಲಾಂತರದಲ್ಲಿ ಆ ನೇಮದೊಳಗೆ ಜಾತಿಯು ಹೊಕ್ಕಿತು. ಮೇಲಾಗಿ, ಆ ನೇಮವು ತಾನು ಸ್ವೀಕರಿಸುವ ಅನ್ನವನ್ನು ಕುರಿತದ್ದು. ಹಸಿದು ಬಂದವನಿಗೆ ನೀಡುವ ಅನ್ನವನ್ನು ಕುರಿತದ್ದಲ್ಲ. ದಾಸೋಹದಲ್ಲಿ ಬಂದವನ ಕುಲವನ್ನು ಕೇಳುವಂತಿಲ್ಲ. ಹಣ ಪಡೆದು ನೀಡುವ ಅಂಗಡಿಯಲ್ಲಿ ಕೇಳುವುದೆಂತು?

ನನ್ನ ಬಾಲ್ಯದಲ್ಲಿ ಚಹದಂಗಡಿಯೊಂದರ ಹೊರಗೋಡೆಯ ಗೂಡಿನಲ್ಲಿ ಕೆಲವರಿಗೆಂದೇ ಬೇರೆ ಬಟ್ಟಲುಗಳಿದ್ದುವು. ಕುಡಿದವರೇ ತೊಳೆದಿಡಬೇಕಾಗಿತ್ತು. ಅಂಗಡಿಯವರ ಕೊರಳಲ್ಲಿ ಇಷ್ಟಲಿಂಗವಿತ್ತು. ಒಳಗೆ ಕುಳಿತು ಚಹ ಕುಡಿಯುತ್ತಿದ್ದ ನನ್ನ ಕೊರಳಲ್ಲಿಯೂ ಇತ್ತು. ಮುಂದೆ ಮೂರು ದಶಕಗಳ ಕಾಲ ಮಕ್ಕಳಿಗೆ ವಚನಗಳನ್ನು ಕಲಿಸಿದೆನು. ಆ ಬಟ್ಟಲುಗಳ ಮಾತನ್ನು ಒಮ್ಮೆಯೂ ಎತ್ತಲಿಲ್ಲ.

ಪೂಜೆಯಲ್ಲಿ ನಮ್ಮ ನಿಷ್ಠೆ ನಮ್ಮದು. ಅದನ್ನು ಕಾನೂನು ಕಾಯುತ್ತದೆ. ಆದರೆ ಬೀದಿಗೆ ತೆರೆದ ಬಾಗಿಲು ಎಲ್ಲರಿಗೂ ತೆರೆದ ಬಾಗಿಲು. ಅಂಗಡಿಯನ್ನು ಕಾಯಕವೆಂದು ಕರೆಯುವವನು ಇದನ್ನು ನ್ಯಾಯಾಲಯದಿಂದ ಕಲಿಯಬೇಕಾಗಿ ಬಂದುದೇ ನಮಗೆ ತಲೆತಗ್ಗಿಸುವ ಸಂಗತಿ.